ದೋಷಸಂದೇಶಗಳಿಗೆ ಸಂಕೇತಸಂಖ್ಯೆ: ಒಂದು ಪರಿಶೀಲನೆ

ಕ್ರಮವಿಧಿಯನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್, ಬರೆಹದಲ್ಲಿ ತಪ್ಪು ಕಂಡಾಗ ದೋಷಸಂದೇಶವೊಂದನ್ನು ನೀಡುತ್ತದೆ. ಈ ಸಂದೇಶವು ಮನುಷ್ಯರ ಭಾಷೆಯಲ್ಲಿರುತ್ತದೆಯಾದ್ದರಿಂದ ಅಸ್ಥಿರವಾದುದು. ಮುಂದಿನ ಆವೃತ್ತಿಯಲ್ಲಿ ವಾಕ್ಯವನ್ನು ತಿದ್ದಬಹುದು. ಬೇರೊಂದು ಭಾಷೆಗೆ ಅನುವಾದಿಸಬಹುದು. ಆಗ ಅದೇ ದೋಷಕ್ಕೆ ಹಿಂದಿನವರು ಬರೆದಿಟ್ಟ ಪರಿಹಾರವು ಹುಡುಕುವವನ ಕೈಗೆ ದಕ್ಕದು. ಪ್ರತಿಯೊಂದು ದೋಷಕ್ಕೂ ಅನನ್ಯವಾದ ಸಂಕೇತಸಂಖ್ಯೆಯನ್ನು ನೀಡುವ ಪದ್ಧತಿಯ ಮುಖ್ಯ ಪ್ರಯೋಜನವಿರುವುದು ಇಲ್ಲಿಯೇ.

ಪದ್ಧತಿಯೇನೂ ಹೊಸದಲ್ಲ. 1960ರ ದಶಕದ ಐಬಿಎಂ ಗಣಕಗಳ ಸಂದೇಶಗಳಿಗೆ ಅಕ್ಷರ ಮತ್ತು ಅಂಕಿಗಳ ಗುರುತು ಇದ್ದು, ವಿವರಣೆಯನ್ನು ಮುದ್ರಿತ ಕೈಪಿಡಿಯಲ್ಲಿ ನೋಡಬೇಕಾಗಿತ್ತು. ಈಚಿನ ರಸ್ಟ್ ಭಾಷೆಯಲ್ಲಿ ಕೈಪಿಡಿ ಕಂಪೈಲರಿನೊಳಗೇ ಇದೆ. ಒಡೆತನ ಬೇರೆಡೆಗೆ ಸಂದ ಮೌಲ್ಯವನ್ನು ಮತ್ತೆ ಬಳಸಿದರೆ ಇ0382 ಎಂಬ ಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನು ಕೊಟ್ಟು ವಿವರಣೆ ಕೇಳಿದರೆ, ತಪ್ಪಾದ ಉದಾಹರಣೆಯೂ ಅದನ್ನು ತಿದ್ದುವ ಬಗೆಯೂ ದೊರೆಯುತ್ತವೆ.

ವ್ಯಾಕರಣದ ವಿದ್ಯಾರ್ಥಿಗೆ ಇದು ಪರಿಚಿತ ವ್ಯವಸ್ಥೆಯೇ. ಅಷ್ಟಾಧ್ಯಾಯಿಯ 6.1.77 ಎಂದೊಡನೆ ಯಣ್ ಸಂಧಿಯ ಸೂತ್ರವೆಂದು ತಿಳಿಯುತ್ತದೆ; ವ್ಯಾಖ್ಯಾನಗಳು ಎಷ್ಟೇ ಭಿನ್ನವಾಗಿರಲಿ, ಚರ್ಚೆಯ ವಸ್ತು ಯಾವುದೆಂಬ ಗೊಂದಲವಿಲ್ಲ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಪಾಣಿನಿಯಲ್ಲಿ ಸೂತ್ರದ ಸ್ಥಾನಕ್ಕೇ ಅರ್ಥವುಂಟು. ಎರಡು ಸೂತ್ರಗಳು ಎದುರುಬದುರಾದಾಗ ಕ್ರಮವೂ ಬಲಾಬಲವನ್ನು ನಿರ್ಣಯಿಸುತ್ತದೆ. ದೋಷಸಂಖ್ಯೆಗೆ ಅಂತಹ ಅರ್ಥವಿಲ್ಲದಿರುವುದೇ ಲೇಸು. ಸಂಖ್ಯೆಯಲ್ಲಿ ವರ್ಗೀಕರಣವನ್ನು ಅಡಗಿಸಿದರೆ, ವರ್ಗೀಕರಣ ಬದಲಾದಂದು ಸಂಖ್ಯೆಯೂ ಬದಲಾಗಬೇಕಾಗುತ್ತದೆ. ಹ್ಯಾಸ್ಕೆಲ್ ಭಾಷೆಯ ಜಿಎಚ್‌ಸಿ ಕಂಪೈಲರ್ 2023ರ 9.6ನೆಯ ಆವೃತ್ತಿಯಲ್ಲಿ ಸಂಕೇತಗಳನ್ನು ಅಳವಡಿಸಿಕೊಂಡಾಗ ಐದಂಕಿಗಳನ್ನು ಯಾದೃಚ್ಛಿಕವಾಗಿಯೇ ಆರಿಸಲಾಯಿತು. ಹೆಸರಿಸಿದ ಚರ ಎಲ್ಲಿಯೂ ಕಾಣದಿದ್ದರೆ 88464. ಬಳಕೆ ತಪ್ಪಿದ ಸಂಖ್ಯೆಯನ್ನು ಬೇರೊಂದು ದೋಷಕ್ಕೆ ಮತ್ತೆ ಕೊಡುವಂತಿಲ್ಲ. ಕೊಟ್ಟರೆ ಹಳೆಯ ವಿವರಣೆಯೇ ಹೊಸಬನನ್ನು ದಾರಿ ತಪ್ಪಿಸುತ್ತದೆ.

ಈ ಪದ್ಧತಿಯಿಲ್ಲದ ಕಡೆ ನಷ್ಟವನ್ನು ಹೊರುವವರು ಇಂಗ್ಲಿಷೇತರ ಓದುಗರು. ಜಿಸಿಸಿ ಕಂಪೈಲರಿನ ಎಚ್ಚರಿಕೆಗಳಿಗೆ ಸಾಮಾನ್ಯವಾಗಿ ಆಯ್ಕೆಯ ಹೆಸರು ಜೊತೆಗಿರುತ್ತದೆ. ದೋಷಗಳಿಗೆ ಬಹುಮಟ್ಟಿಗೆ ಅಂತಹ ಗುರುತಿಲ್ಲ. ಅದರ ಸಂದೇಶಗಳು ಹಲವು ಭಾಷೆಗಳಿಗೆ ಅನುವಾದಗೊಂಡಿವೆ. ಆದರೂ ಸ್ವಭಾಷೆಯ ಸಂದೇಶವನ್ನು ಓದಿದವನು ಪರಿಹಾರವನ್ನು ಅರಸಲು, ಗಣಕದ ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸಿ ಅದೇ ದೋಷವನ್ನು ಇನ್ನೊಮ್ಮೆ ಬರಿಸಬೇಕಾಗುತ್ತದೆ. ಅನುವಾದಕನ ಶ್ರಮ ಅಲ್ಲಿಗೆ ವ್ಯರ್ಥ. ಕನ್ನಡದಲ್ಲಿ ಇಂತಹ ಸಂದೇಶಗಳನ್ನು ರೂಪಿಸ ಹೊರಡುವವರು ಪಾರಿಭಾಷಿಕ ಪದಗಳ ಚರ್ಚೆಗೆ ಮೊದಲೇ ಕೇಳಬೇಕಾದ ಪ್ರಶ್ನೆ, ಮೂಲದ ದೋಷಗಳಿಗೆ ಸಂಖ್ಯೆಗಳಿವೆಯೇ ಎಂಬುದು.