ಡಮಾಮಿಯ ದನಿ

ಊರಿನಲ್ಲಿ ಸಭೆಯಾಗಲಿ, ಮದುವೆಯಾಗಲಿ, ನಾಟಕವಾಗಲಿ ನಡೆದಾಗ ವೇದಿಕೆಯ ಮೇಲೆ ಇರುವವರನ್ನು ಎಲ್ಲರೂ ನೋಡುತ್ತಾರೆ. ವೇದಿಕೆಯ ಮಗ್ಗುಲಲ್ಲಿ ಮರದ ಪೆಟ್ಟಿಗೆಯ ಮೇಲೆ ಆಂಪ್ಲಿಫೈಯರನ್ನು ಇಟ್ಟುಕೊಂಡು ಕುಳಿತವನನ್ನು ಯಾರೂ ನೋಡುವುದಿಲ್ಲ. ಧ್ವನಿವರ್ಧಕವು ಕಿರ್ರೆಂದು ಅರಚಿದಾಗ ಮಾತ್ರ ಎಲ್ಲರ ಕಣ್ಣುಗಳೂ ಅವನ ಕಡೆಗೆ ಹೊರಳುತ್ತವೆ! ಅಂಥ ಪೆಟ್ಟಿಗೆಯ ಹಿಂದೆ ನಾನು 1988ರಿಂದ ಆರು ವರ್ಷಗಳನ್ನು ಕಳೆದೆನು. ದಾಂಡೇಲಿಯ ಒಂದು ಅಂಗಡಿಯಲ್ಲಿ ನನಗೆ ಕೆಲಸ. ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಡೆಗೆ ಬಾಡಿಗೆಗೆ ಹೋಗುವ ಧ್ವನಿವರ್ಧಕಗಳ ಜೊತೆಯಲ್ಲಿ ನಾನೂ ಹೋಗುತ್ತಿದ್ದೆನು.

ಕೆಲಸವನ್ನು ಕಲಿಸಿದ ಯಜಮಾನರು ಹೇಳಿಕೊಟ್ಟದ್ದು ಎರಡೇ ಪಾಠ. ಮೊದಲನೆಯದು, ಮೈಕನ್ನು ಎಂದೂ ತುತ್ತೂರಿಯ ಎದುರಿಗೆ ನಿಲ್ಲಿಸಬಾರದು. ತುತ್ತೂರಿಯಿಂದ ಹೊರಟ ದನಿ ಮತ್ತೆ ಮೈಕಿನೊಳಗೆ ಹೊಕ್ಕು, ದೊಡ್ಡದಾಗಿ ಹೊರಬಂದು, ಪುನಃ ಹೊಕ್ಕು, ಹೀಗೆ ಸುತ್ತಿ ಸುತ್ತಿ ಅರಚಾಟವಾಗುತ್ತದೆ. ಎರಡನೆಯದು, ಜನ ಹಣ ಕೊಡುವುದು ಗದ್ದಲಕ್ಕೆ. ಆದ್ದರಿಂದ ಗುಂಡಿಯನ್ನು ಎಷ್ಟು ತಿರುಗಿಸಬಹುದೋ ಅಷ್ಟು ತಿರುಗಿಸಬೇಕು. ಮೊದಲನೆಯ ಪಾಠ ಇಂದಿಗೂ ನಿಜ. ಎರಡನೆಯದರ ಕಥೆಯೇ ಬೇರೆ.

ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂದು ಹೆಸರು. ಕಾಳೀ ನದಿಗೆ ಪಾಂಢರಿ ಬಂದು ಸೇರುವೆಡೆಯಲ್ಲಿ ಸೂಪಾ ಎಂಬ ಊರಿತ್ತು. ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ನೀರು ನಿಂತಾಗ ಆ ಊರು ಮುಳುಗಿಹೋಯಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು; ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು. ನನ್ನ ತಾಯಿಯ ತವರು ಆ ನೀರಿನ ಕೆಳಗಿದೆ. ಹೀಗೆ ಚದುರಿದವರಿಗೆ ಜಾತ್ರೆ, ಸಮಾರಂಭಗಳೇ ಕೂಡುವ ನೆಪ. ಅಂಥದೊಂದು ಸಮಾರಂಭಕ್ಕಾಗಿ ಒಂದು ಡಿಸೆಂಬರಿನಲ್ಲಿ ನಾನು ಜೋಯಿಡಾಕ್ಕೆ ಹೋಗಿದ್ದೆನು.

ಭಾಷಣಗಳು ಮುಗಿಯುವ ಹೊತ್ತಿಗೆ ರಾತ್ರಿ ಹತ್ತು ಗಂಟೆ. ಜನ ಎದ್ದು ಹೊರಡಲು ಅಣಿಯಾಗಿದ್ದರು. "ಹತ್ತು ನಿಮಿಷ ಸಿದ್ದಿಯವರ ಕುಣಿತ ಇದೆ, ಆಮೇಲೆ ವಂದನಾರ್ಪಣೆ" ಎಂದು ವ್ಯವಸ್ಥಾಪಕರು ಪ್ರಕಟಿಸಿದರು. ಹಳಿಯಾಳದ ಕಾಡಂಚಿನ ಹಳ್ಳಿಯೊಂದರ ತಂಡವದು. ಆ ಚಳಿಗಾಲವೆಲ್ಲ ಅವರು ಊರಿಂದೂರಿಗೆ ತಿರುಗುತ್ತಿದ್ದರು. ಬಸ್ಸಿನ ಮಾಡಿನ ಮೇಲೆ ವಾದ್ಯವನ್ನು ಕಟ್ಟಿಕೊಂಡು ಬರುವುದು, ಕೊಟ್ಟಷ್ಟು ಹೊತ್ತು ಕುಣಿಯುವುದು, ಮೊದಲ ಬಸ್ಸಿಗೆ ಹೊರಡುವುದು, ಇದೇ ಅವರ ಕ್ರಮ. ಅವರಿಗೆ ಭಿತ್ತಿಪತ್ರವೂ ಇರಲಿಲ್ಲ, ಕಾರ್ಯಕ್ರಮದ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ.

ಮುದುಕರೊಬ್ಬರು ವೇದಿಕೆಯ ಹಿಂದೆ ಒಣಗಿದ ಎಲೆಗಳನ್ನು ಒಟ್ಟಿ ಬೆಂಕಿಮಾಡಿ ಡಮಾಮಿಯನ್ನು ಕಾಯಿಸುತ್ತಿದ್ದರು. ಇಬ್ಬನಿಗೆ ಚರ್ಮ ಸಡಿಲವಾಗುತ್ತದೆ. ಬಿಸಿ ತಗುಲಿದರೆ ಬಿಗಿಯುತ್ತದೆ. ಡಮಾಮಿ ಎಂದರೆ ಮರದ ಒಡಲಿಗೆ ಚರ್ಮ ಬಿಗಿದ ದೊಡ್ಡ ವಾದ್ಯ. ಅದನ್ನು ನೆಲದ ಮೇಲೆ ಇಟ್ಟು ಬಾರಿಸುತ್ತಾರೆ. ನಾನು ನನ್ನ ವಾಡಿಕೆಯಂತೆ ಅದರ ಬಾಯಿಗೇ ಒಂದು ಮೈಕನ್ನು ಹಿಡಿಸಿ ಗುಂಡಿಯನ್ನು ತಿರುಗಿಸಿದೆನು.

ಮುದುಕರು ಬಾರಿಸಿದರು. ತುತ್ತೂರಿಗಳಿಂದ ಹೊರಟದ್ದು ಖಾಲಿ ಡಬ್ಬವನ್ನು ಬಡಿದಂಥ ಶಬ್ದ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಇನ್ನಷ್ಟು ಏರಿಸಿದೆನು. ಡಬ್ಬದ ಸದ್ದು ಇನ್ನಷ್ಟು ದೊಡ್ಡದಾಯಿತು. ಆಗ ನನ್ನ ಗಮನಕ್ಕೆ ಒಂದು ವಿಚಿತ್ರ ಬಂದಿತು. ನಾನು ವೇದಿಕೆಯ ಮಗ್ಗುಲಲ್ಲೇ ಕುಳಿತಿದ್ದೆನಷ್ಟೆ. ಕಿವಿಗೆ ಕೇಳುತ್ತಿದ್ದ ಡಬ್ಬದ ಸದ್ದಿನ ಕೆಳಗೆ, ನಾನು ಕುಳಿತ ಪೆಟ್ಟಿಗೆಯ ಹಲಗೆಯ ಮೂಲಕ, ಎದೆಗೂಡಿನ ಮೂಲಕ, ಬೇರೊಂದು ದನಿ ನನ್ನನ್ನು ಮುಟ್ಟುತ್ತಿದ್ದಿತು. ಗಂಭೀರವಾದ, ದುಂಡಗಿನ ದನಿ.

ಇದರ ಕಾರಣವನ್ನು ನಾನು ಬಹಳ ದಿನಗಳ ಅನಂತರ ಪುಸ್ತಕದಲ್ಲಿ ಓದಿ ತಿಳಿದೆನು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗು ಸ್ವರದ ಒಂದು ಅಲೆಯ ಉದ್ದ 3.4 ಮೀಟರು. ಅಷ್ಟು ಉದ್ದದ ಅಲೆಯನ್ನು ಬಾಯಿ ಅರ್ಧ ಮೀಟರು ಅಗಲವೂ ಇಲ್ಲದ ನಮ್ಮ ತುತ್ತೂರಿ ಹೊರಚೆಲ್ಲುವುದಾದರೂ ಹೇಗೆ? ಅದು ಮಾತಿಗಾಗಿ ಮಾಡಿದ ಸಾಧನ. ಡಮಾಮಿಯ ಮೇಲ್ಪದರವನ್ನಷ್ಟೇ ಹಿಡಿದು, ಅದರ ಒಡಲನ್ನು ಅದು ಬಿಟ್ಟುಬಿಡುತ್ತಿದ್ದಿತು. ಆ ರಾತ್ರಿ ನನಗೆ ಇದೊಂದೂ ತಿಳಿಯದು. ತಿಳಿದದ್ದು ಇಷ್ಟೆ: ನಾನು ಹಣ ಪಡೆದು ಒಂದು ಒಳ್ಳೆಯ ದನಿಯನ್ನು ಕೆಡಿಸುತ್ತಿದ್ದೇನೆ. ನಾನು ಗುಂಡಿಯನ್ನು ಪೂರ್ತಿ ಇಳಿಸಿ, ಮೈಕನ್ನು ಕಿತ್ತು ಪಕ್ಕಕ್ಕೆ ಇಟ್ಟೆನು.

"ಏನಾಯಿತು? ಕರೆಂಟು ಹೋಯಿತೆ?" ಎಂದು ವ್ಯವಸ್ಥಾಪಕರು ಧಾವಿಸಿ ಬಂದರು. ನಾನು ಬಾಯಿಗೆ ಬೆರಳಿಟ್ಟು ವೇದಿಕೆಯನ್ನು ತೋರಿಸಿದೆನು. ತುತ್ತೂರಿಗಳು ಸುಮ್ಮನಾದೊಡನೆ ದೂರದಲ್ಲಿದ್ದವರಿಗೆ ಕೇಳಿಸದಾಯಿತು. ಕೇಳಿಸದಿದ್ದಾಗ ಅವರು ಮಾಡಿದ್ದೇನು? ಮನೆಗೆ ಹೋಗಲಿಲ್ಲ, ಹತ್ತಿರಕ್ಕೆ ಬಂದರು. ಕುರ್ಚಿಗಳನ್ನು ಸರಿಸಿ ವೇದಿಕೆಯ ಸುತ್ತ ನಿಂತರು. ಸಿದ್ದಿ ಹೆಂಗಸರು ಕೊಂಕಣಿಯಲ್ಲಿ ಹಾಡನ್ನೆತ್ತಿಕೊಂಡು ಹೆಜ್ಜೆ ಹಾಕತೊಡಗಿದರು. ಹತ್ತು ನಿಮಿಷದ ಕುಣಿತ ಒಂದು ಗಂಟೆಯಾಯಿತು. ವಂದನಾರ್ಪಣೆ ಆಗಲೇ ಇಲ್ಲ. ಅದರಿಂದ ಯಾರಿಗೂ ನಷ್ಟವಾದಂತೆ ಕಾಣಲಿಲ್ಲ.

ಸಿದ್ದಿಗಳ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರು ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಗೋವೆಯಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡುಗಳನ್ನು ಹೊಕ್ಕು ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸುತ್ತ ನೆಲೆಸಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಡಮಾಮಿ ಮಾತ್ರ ಅವರ ಸ್ವಂತದ್ದು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ನಾನು ಅವರ ಹಳ್ಳಿಗಳ ಬದಿಯ ರಸ್ತೆಗಳಲ್ಲಿ ಧ್ವನಿವರ್ಧಕವನ್ನು ಹೇರಿಕೊಂಡು ನೂರಾರು ಸಲ ಓಡಾಡಿದ್ದೆನು. ನನ್ನ ಗದ್ದಲವನ್ನು ಅವರು ಕೇಳಿರಬೇಕು; ಅವರ ದನಿಯನ್ನು ನಾನು ಕೇಳಿರಲಿಲ್ಲ.

ಬೆಳಗಿನ ಜಾವ ತಂತಿಗಳನ್ನು ಸುತ್ತುತ್ತಿದ್ದಾಗ ಆ ಮುದುಕರು ಬಂದು ನನ್ನ ಪೆಟ್ಟಿಗೆಯ ಮೇಲೆ ಕುಳಿತರು. ಊರಾವುದೆಂದು ಕೇಳಿದರು. ತಾಯಿಯ ತವರು ಸೂಪಾ ಎಂದೆನು. "ಅಲ್ಲಿ ಬಾರಿಸಿದ್ದೇನೆ, ನದಿಯ ದಂಡೆಯಲ್ಲಿ. ಆಚೆಯ ದಡದವರಿಗೂ ಕೇಳಿಸುತ್ತಿತ್ತು" ಎಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ನಾಳೆ ಎಲ್ಲಿ ಎಂದು ನಾನು ವಿಚಾರಿಸಿದೆನು. ಮುಂಡಗೋಡದ ಕಡೆಗೆ ಎಂದರು.

ಡಮಾಮಿಯನ್ನು ಬಸ್ಸಿನ ಮಾಡಿಗೆ ಏರಿಸಲು ನಾನೂ ಕೈಕೊಟ್ಟೆನು. ಅದು ನೋಡುವುದಕ್ಕಿಂತ ಹೆಚ್ಚು ಭಾರವಿತ್ತು. ಮೈಕನ್ನು ಕಿತ್ತ ಸುದ್ದಿ ನನಗಿಂತ ಮುಂಚೆಯೇ ಅಂಗಡಿಗೆ ಮುಟ್ಟಿತ್ತು. ಯಜಮಾನರು ಆ ದಿನದ ಕೂಲಿಯನ್ನು ಹಿಡಿದುಕೊಂಡರು. ಮರುದಿನಕ್ಕೆ ನಾನು ರಜೆ ಕೇಳಿದೆನು. ಆ ಸಂಜೆ ಮುಂಡಗೋಡದ ಬಸ್ಸನ್ನು ಹತ್ತಿದಾಗ ನನ್ನ ಕೈಯಲ್ಲಿ ತಂತಿಯ ಸುರುಳಿಯಾಗಲಿ ಮೈಕಾಗಲಿ ಇರಲಿಲ್ಲ.