ಬ್ರಾಡ್‌ಬ್ಯಾಂಡ್ ಹಾಕಿಸುವ ಮುನ್ನ

ಜಾಹೀರಾತಿನ ವೇಗಕ್ಕೆ ಮರುಳಾಗಬೇಡಿ. ನಿಮ್ಮ ಬೀದಿಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ. ತಾಮ್ರದ ಟೆಲಿಫೋನ್ ತಂತಿಯ ಡಿಎಸ್‌ಎಲ್‌ನಲ್ಲಿ ಎಕ್ಸ್‌ಚೇಂಜ್ ದೂರವಾದಷ್ಟೂ ವೇಗ ಕುಸಿಯುತ್ತದೆ. ಕೇಬಲ್ ಎಳೆಯಲಾಗದ ತೋಟದ ಮನೆಗೆ 5ಜಿ ಏರ್‌ಫೈಬರ್ ಆದೀತು, ಮೊದಲು ಸಿಗ್ನಲ್ ನೋಡಿಕೊಳ್ಳಿ.

100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಎಂಬಿ ಅಲ್ಲ, ಹೆಚ್ಚೆಂದರೆ 12.5 ಎಂಬಿ. ‘ಅನ್‌ಲಿಮಿಟೆಡ್’ ಎಂದರೂ ಎಷ್ಟು ಜಿಬಿ ದಾಟಿದರೆ ವೇಗ ಇಳಿಸುತ್ತಾರೆಂದು ಕೇಳಿ.

ಅಂಗಡಿಯಲ್ಲಿ ಯುಪಿಐ, ಬಿಲ್ಲಿಂಗ್ ನಿಲ್ಲಬಾರದೆಂದರೆ ಬೇರೆ ಕಂಪನಿಯ ಎರಡನೇ ಸಂಪರ್ಕವೂ ಇರಲಿ. ದೊಡ್ಡ ಕಚೇರಿಗೆ, ಅಪ್‌ಲೋಡ್ ವೇಗವೂ ಡೌನ್‌ಲೋಡ್‌ನಷ್ಟೇ ಸಿಗುವ ಲೀಸ್ಡ್ ಲೈನ್ ದುಬಾರಿಯಾದರೂ ಸರಿ. ಕರೆಂಟ್ ಹೋದರೆ ರೂಟರ್ ಕೂಡ ಆರುತ್ತದೆ; ಅದಕ್ಕೊಂದು ಪುಟ್ಟ ಯುಪಿಎಸ್ ಸಾಕು.

ವರ್ಷದ ಹಣ ಒಟ್ಟಿಗೆ ಕಟ್ಟುವ ಮುನ್ನ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: ಲೈನ್ ಕೆಟ್ಟರೆ ರಿಪೇರಿಗೆ ಎಷ್ಟು ಬೇಗ ಬರುತ್ತಾರೆ?