ಬಡ್ಡಿಯೆಂಬ ಬೆಳವಣಿಗೆ

‘ಬಡ್ಡಿ ಎಂಬುದು ಕನ್ನಡ ಮಾತೇ?’ ಎಂದು ವಾಚನಾಲಯದಲ್ಲಿ ಮಿತ್ರರೊಬ್ಬರು ಕೇಳಿದರು. ಸಂಸ್ಕೃತದ ‘ವೃದ್ಧಿ’ಯ ತದ್ಭವವೇ ಬಡ್ಡಿ. ವೃದ್ಧಿಯೆಂದರೆ ಬೆಳೆಯುವುದು. ಆದರೆ ಈ ಮಾತು ಹೋದಲ್ಲೆಲ್ಲ ಬೇರೆ ವೇಷ ಹಾಕುತ್ತದೆ. ವ್ಯಾಕರಣದ ಮೇಷ್ಟ್ರಿಗೆ ಅದು ಸಂಧಿ: ಏಕ, ಏಕ ಸೇರಿ ‘ಏಕೈಕ’. ನಮ್ಮ ಕಡೆ ಕೆಲವು ಮನೆಗಳಲ್ಲಿ ಕೂಸು ಹುಟ್ಟಿದಾಗಿನ ಮೈಲಿಗೆಗೂ ‘ವೃದ್ಧಿ’ಯೆಂದೇ ಹೆಸರು, ಹತ್ತು ದಿನ ಕಳೆದರೆ ಮುಗಿಯಿತು. ರೈತನ ಬೆಳೆ ಕೊಯ್ಲಿಗೆ ನಿಲ್ಲುತ್ತದೆ. ಮಗುವಿನ ಎತ್ತರ ಇಪ್ಪತ್ತರ ಸುಮಾರಿಗೆ ನಿಲ್ಲುತ್ತದೆ.

ನಿಲ್ಲದಿರುವುದು ಸಾಹುಕಾರನ ವೃದ್ಧಿ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ಒಮ್ಮೆ ಏಮಾರಿದೆವು. ತಿಂಗಳಿಗೆ ನೂರಕ್ಕೆ 10 ಎಂದಾಗ, ವರ್ಷಕ್ಕೆ 120 ತಾನೇ ಎಂದುಕೊಂಡು (ಅದೇನು ಕಡಿಮೆಯೇ!) ರುಜು ಹಾಕಿದೆವು. ಅದು ಚಕ್ರಬಡ್ಡಿ. ಕಟ್ಟದೆ ಉಳಿದ ಬಡ್ಡಿ ತಿಂಗಳು ತಿಂಗಳೂ ಅಸಲಿಗೆ ಸೇರಿ ತಾನೂ ಮರಿ ಹಾಕುತ್ತದೆ. ನೂರು ರೂಪಾಯಿ ಮೊದಲ ತಿಂಗಳ ಕೊನೆಗೆ 110, ಎರಡನೆಯದಕ್ಕೆ 121, ಎಂಟನೆಯದಕ್ಕೆ 214. ವರ್ಷ ತುಂಬಿದಾಗ ಅಸಲೂ ಬಡ್ಡಿಯೂ ಕೂಡಿ 220 ಎಂದು ಎಣಿಸಿದ್ದ ನಮ್ಮ ಮುಂದೆ ಅವನು ಇಟ್ಟ ಚೀಟಿಯಲ್ಲಿ 314 ಇತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಮೂರು ಸಲ ಕೂಡಿ ನೋಡಿದೆವು.

ಸಾಲದ ಕಾಗದಕ್ಕೆ ರುಜು ಹಾಕುವ ಮುನ್ನ ಅದನ್ನು ಇಲ್ಲಿಗೆ ತನ್ನಿ. ಶನಿವಾರ ಸಂಜೆ ನಾವು ಇರುತ್ತೇವೆ, ಪೆನ್ಸಿಲು ವಾಚನಾಲಯದ್ದೇ.